ಸಣ್ಣಾಕಿಯ ಬಾಯಿ

ನಮ್ಮ ಊರಿನಲ್ಲಿ ಪಡುವಣ ದಿಕ್ಕಿಗೆ ಮುಖಮಾಡಿ ಯಾರೂ ಯಾರನ್ನೂ ‘ಬಾ’ ಎಂದು ಕರೆಯುವುದಿಲ್ಲ. ಕೂಸು ಆ ಕಡೆ ಆಡುತ್ತಿದ್ದರೆ ತಾಯಿ ಎದ್ದುಹೋಗಿ ಕೈಹಿಡಿದು ಕರೆತರುತ್ತಾಳೆಯೇ ಹೊರತು ಕೂಗುವುದಿಲ್ಲ. ದನ ಅತ್ತ ಹೋದರೆ ‘ಈ ಕಡೆ ನೋಡು’ ಎನ್ನುತ್ತೇವೆ. ಮನೆಗಳಿಗೆ ಪಡುವಣ ಬಾಗಿಲು ಇಡುವುದಿಲ್ಲ. ಹೊರಗಿನಿಂದ ಬಂದ ಸೊಸೆಯಂದಿರಿಗೆ ಇದನ್ನೆಲ್ಲ ಮೊದಲ ದಿನವೇ ಹೇಳಿಕೊಡುತ್ತೇವೆ. ಅಕ್ಕಿ ಯಾವ ಗಡಿಗೆಯಲ್ಲಿದೆ, ಉಪ್ಪು ಯಾವುದರಲ್ಲಿದೆ ಎನ್ನುವುದು ಆಮೇಲಿನ ಮಾತು. ಕರೆದರೆ ಪಡುವಣ ಗುಡ್ಡ ಬರುತ್ತದೆ. ಕರೆಯದಿದ್ದರೂ ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಸೀಸದ ಒಂದು ಗುಂಡು ಅದರ ಮೈಗೆ ತಾಗಿತೆಂದರೆ ಮಾತ್ರ ಮರುದಿನದ ಸಂಜೆಯವರೆಗೆ ನಿಂತಲ್ಲೇ ನಿಲ್ಲುತ್ತದೆ. ಡೊಳ್ಳಿಗೆ ಅದು ಹೆದರುವುದಿಲ್ಲ. ಹತ್ತಿರ ಬಂದು ಕೇಳುತ್ತದೆ. ಪಟಾಕಿಯ ಕಥೆಯೂ ಅಷ್ಟೇ. ನಮ್ಮ ಮುತ್ತಜ್ಜನ ಕಾಲಕ್ಕೆ ಕುಂಬಾರ ಓಣಿ ಎಂದೊಂದು ಓಣಿ ಇತ್ತಂತೆ. ಈಗ ಆ ಜಾಗದ ಮೇಲೆ ಗುಡ್ಡದ ಸೀತಾಫಲದ ಗಿಡಗಳಿವೆ. ಹಣ್ಣು ಬಲು ಸಿಹಿ ಎನ್ನುತ್ತಾರೆ. ತಿಂದವರನ್ನು ನಾನು ಕಂಡಿಲ್ಲ.

ಊರಿಗೆ ಇದ್ದದ್ದು ಎರಡೇ ಆಯುಧ. ಉದ್ದ ನಳಿಗೆಯ ಕೋವಿಯನ್ನು ದೊಡ್ಡಾಕಿ ಎನ್ನುತ್ತಿದ್ದರು. ಅಂಗೈಯಲ್ಲಿ ಮುಚ್ಚಿಡಬಹುದಾದಂಥ ಪುಟ್ಟ ರಿವಾಲ್ವರ್ ಒಂದಿತ್ತು, ಅವಳು ಸಣ್ಣಾಕಿ. ಪಡುವಣ ಗೋಡೆಯ ಬುರುಜಿನ ಮೇಲೆ ನಿಂತು ದಿನಾ ಸಂಜೆ ಗುಡ್ಡಕ್ಕೆ ಗುಂಡು ಹೊಡೆಯುವುದು ದೊಡ್ಡಾಕಿಯ ಕೆಲಸ. ಅವಳು ಎಂದಾದರೂ ಕೈಕೊಟ್ಟರೆ ಇರಲಿ ಎಂದು ಹಿರಿಯರು ಸಣ್ಣಾಕಿಯನ್ನು ತಂದಿಟ್ಟಿದ್ದರು. ‘ದೊಡ್ಡಾಕಿ ಕೆಮ್ಮಿದರ ಸಣ್ಣಾಕಿ ಕೂಗತಾಳ’ ಎಂಬ ಮಾತು ಊರಿನ ಎಲ್ಲರ ಬಾಯಲ್ಲೂ ಇತ್ತು. ಆದರೆ ದೊಡ್ಡಾಕಿ ಯಾರ ನೆನಪಿನಲ್ಲೂ ಕೆಮ್ಮಿರಲಿಲ್ಲ, ಸಣ್ಣಾಕಿ ಕೂಗಿದ್ದನ್ನು ಕೇಳಿದವರೂ ಇರಲಿಲ್ಲ. ದುಡಿಯುವವಳು ಆಳಾಗಿ ಉಳಿದಳು. ಸುಮ್ಮನೆ ಕುಳಿತವಳು ದೇವರಾದಳು. ಬುರುಜಿನ ದೇವರು ಈರಣ್ಣನ ಪಕ್ಕದ ಗೂಡಿನಲ್ಲಿ ಅವಳಿಗೆ ಜಾಗವಾಯಿತು. ಸೋಮವಾರ ಸೋಮವಾರ ಎಣ್ಣೆಯ ಮಜ್ಜನ, ಅರಿಸಿನ, ಕುಂಕುಮ. ಹಬ್ಬಕ್ಕೆ ಉಡಿ ತುಂಬುವುದು. ಹೊಸ ಮದುವೆಯ ಹೆಣ್ಣುಮಕ್ಕಳು ಬಂದು ಅವಳ ಬಾಯಿಗೆ ಬೆಲ್ಲ ಇಡುವುದು. ಹರಕೆ ಹೊತ್ತವರು ಹೋಳಿಗೆಯ ಚೂರು ಇಡುವುದು. ಅವಳ ಬಾಯಿ ಎಂದರೆ ನಳಿಗೆಯ ತುದಿ.

ಪೂಜೆ ನನ್ನದು, ಗುಂಡು ನನ್ನ ತಮ್ಮ ಅಡಿವೆಯ್ಯನದು. ನಮ್ಮಪ್ಪ ಎರಡನ್ನೂ ಒಬ್ಬನೇ ಮಾಡುತ್ತಿದ್ದ, ನಾವು ಹಂಚಿಕೊಂಡೆವು. ನನ್ನ ಮನೆಯಾಕೆ ಶಿವನ ಪಾದ ಸೇರಿದ ಮೇಲೆ ತಮ್ಮನ ಮನೆಯ ಪಡಸಾಲೆಯೇ ನನ್ನ ಮನೆಯಾಗಿತ್ತು. ಅವನ ಹೆಂಡತಿ ಸಂಗಮ್ಮ ನನ್ನ ಎದುರಿಗೆ ನಿಂತು ಮಾತಾಡಿದವಳಲ್ಲ. ಗಂಡನ ಅಣ್ಣನೆಂದರೆ ನಮ್ಮಲ್ಲಿ ಸೊಸೆಯಂದಿರು ಬಾಗಿಲ ಆಚೆಯಿಂದ, ತಲೆಯ ಮೇಲೆ ಸೆರಗು ಹೊದ್ದು, ಗಾಳಿಗೆ ಹೇಳಿದ ಹಾಗೆ ಹೇಳುತ್ತಾರೆ. ‘ರೊಟ್ಟಿ ಆಗ್ಯಾವಂತ ಹೇಳ್ರಿ’ ಎಂದು ಅವಳು ಗಂಡನಿಗೆ ಹೇಳುವಳು. ಅವನು ನನ್ನ ಪಕ್ಕದಲ್ಲೇ ಕುಳಿತು ‘ಅಣ್ಣಾ, ರೊಟ್ಟಿ ಆಗ್ಯಾವಂತ’ ಎಂದು ನಗುವನು.

ಅಡಿವೆಯ್ಯ ದೊಡ್ಡಾಕಿಗೆ ಕುಂಕುಮದ ಬೊಟ್ಟು ಇಡಿಸಿದವನಲ್ಲ. ದಿನಾ ಹೊಡೆದ ಮೇಲೆ ಉದ್ದ ಕಡ್ಡಿಗೆ ಅರಿವೆ ಸುತ್ತಿ ಅವಳ ನಳಿಗೆಯನ್ನು ಒಳಗಿನಿಂದ ಉಜ್ಜಿ, ಒಣಗಿಸಿ, ಗೋಡೆಗೆ ತೂಗುಹಾಕುವನು. ನಾನು ಸಣ್ಣಾಕಿಗೆ ಎಣ್ಣೆ ಎರೆಯುವುದನ್ನು ನೋಡಿ, ‘ಅಣ್ಣಾ, ನಿನ್ನಾಕಿ ದಪ್ಪ ಆಗ್ಯಾಳ ನೋಡು. ಕೂತು ಉಂಡಾಕಿ,’ ಎನ್ನುವನು. ನಾನು ‘ದೇವರ ಮುಂದ ಹಂಗೆಲ್ಲ ಮಾತಾಡಬ್ಯಾಡೋ’ ಎಂದು ಗದರುವೆನು.

ಮಾನವಮಿ ಹಬ್ಬದ ಸಂಜೆ ದೊಡ್ಡಾಕಿ ಅವನ ಕೈಯಲ್ಲಿ ಸಿಡಿದಳು. ನಾನು ಗೂಡಿನ ಮುಂದೆ ಗಂಟೆ ಹಿಡಿದು ನಿಂತಿದ್ದೆ. ದಿನದ ಸದ್ದಲ್ಲ ಅದು. ತಿರುಗಿ ನೋಡಿದಾಗ ಕೋವಿಯ ನಳಿಗೆ ಬಾಳೆಯ ಹೂವಿನ ಹಾಗೆ ಬಿಚ್ಚಿಕೊಂಡಿತ್ತು. ಅವನು ಗೋಡೆಗೆ ಒರಗಿ ಕುಳಿತಿದ್ದ. ಮುಖದ ವಿಷಯ ನಾನು ಬರೆಯಲಾರೆ. ‘ಅಣ್ಣಾ, ತಾಗಿತೇನು?’ ಎಂದು ಕೇಳಿದ. ಗುಡ್ಡ ನಿಂತಿತ್ತು. ‘ತಾಗಿತಪ್ಪಾ’ ಎಂದೆ. ಅಷ್ಟು ಕೇಳಿಸಿಕೊಂಡು ಹೋದ. ಅವನನ್ನು ಮನೆಗೆ ಹೊತ್ತು ತಂದದ್ದಷ್ಟೇ. ಬಾಗಿಲಲ್ಲಿ ಸಂಗಮ್ಮ ನಿಂತಿದ್ದಳು. ಆ ಹೊತ್ತಿನಲ್ಲಿಯೂ ನನ್ನನ್ನು ಕಂಡು ಅವಳ ಕೈ ತಾನಾಗಿ ಸೆರಗಿಗೆ ಹೋಯಿತು.

ಮರುದಿನ ಬೆಳಿಗ್ಗೆ ಅವನನ್ನು ಹೂಳಿದೆವು. ನಮ್ಮ ರುದ್ರಭೂಮಿ ಬುರುಜಿನ ಕೆಳಗೆ, ಗೋಡೆಗೂ ಗುಡ್ಡಕ್ಕೂ ನಡುವೆ ಇರುವ ಬಯಲಿನಲ್ಲಿ. ಉಳಿದ ಜಾಗವೆಲ್ಲ ಇದ್ದವರಿಗೇ ಸಾಲದು. ಹೋದವರಿಗೆ ಭಯವಿಲ್ಲವೆಂದು ಹಿರಿಯರು ಅಲ್ಲಿ ಗುರುತು ಹಾಕಿದ್ದರು. ನಾನು ವಿಭೂತಿ ಧರಿಸಿ, ಅವನ ತಲೆಯ ಮೇಲೆ ಬಿಲ್ವಪತ್ರೆ ಇಟ್ಟು, ಮಂತ್ರ ಹೇಳುತ್ತಿದ್ದೆ. ತಲೆಯೆತ್ತಿ ನೋಡಿದರೆ ಬಂದ ಜನರಲ್ಲಿ ಒಬ್ಬರೂ ಕುಣಿಯ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಗುಡ್ಡದ ಮೇಲಿತ್ತು. ಅವರನ್ನು ದೂರಲಾರೆ. ನನ್ನ ಬಾಯಿ ಮಂತ್ರ ಹೇಳುತ್ತಿದ್ದರೂ ಮನಸ್ಸು, ಇವತ್ತು ಸಂಜೆ ಹೇಗೆ, ಇವತ್ತು ಸಂಜೆ ಹೇಗೆ ಎನ್ನುತ್ತಿತ್ತು. ತಮ್ಮನ ಮೇಲೆ ಮಣ್ಣು ಹಾಕುವಾಗಲೂ ಮನುಷ್ಯನಿಗೆ ತನ್ನ ಜೀವದ ಚಿಂತೆ ಬಿಡುವುದಿಲ್ಲ. ಶಿವ ನಮ್ಮನ್ನು ಹಾಗೆಯೇ ಮಾಡಿದ್ದಾನೆ.

ಮನೆಗೆ ಬರುವಷ್ಟರಲ್ಲಿ ಓಣಿಯ ಹೆಂಗಸರು ಹಿತ್ತಲಿನಲ್ಲಿ ಸಂಗಮ್ಮನನ್ನು ಕೂರಿಸಿ, ಬಳೆ ಒಡೆದು, ಹಣೆ ಒರೆಸಿ ಮುಗಿಸಿದ್ದರು. ಬಸಲಿಂಗವ್ವನೇ ಮುಂದೆ ನಿಂತು ಮಾಡಿಸಿದಳು. ಊರಿನ ಮುತ್ತೈದೆಯರಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ಬಾಣಂತನವಾಗಲಿ, ಸಾವಾಗಲಿ, ಶಾಸ್ತ್ರ ಹೇಳುವುದು ಅವಳೇ. ಒರಟು ಬಾಯಿ, ಮೆತ್ತನ್ನ ಕೈ.

ಪಡಸಾಲೆಯಲ್ಲಿ ಊರ ಗೌಡರು ಕಾಯುತ್ತಿದ್ದರು. ಕಣಿವೆಯ ಆಚೆಯಿಂದ ಬೇರೊಂದು ಕೋವಿ ತರಲು ಆಳುಗಳನ್ನು ಕಳಿಸಿ ಬಂದಿದ್ದರು. ‘ಅದು ಬರಾಕ ದಿನಾ ಹಿಡಿತಾವ್ರಿ ಅಯ್ಯಾರ. ಅಲ್ಲೀತನಕ ಸಣ್ಣಾಕೀನ ಗತಿ,’ ಎಂದರು. ‘ಹೊಡಿಯಾವರು?’ ಎಂದು ನಾನು ಕೇಳಿದೆ. ಆ ಕೆಲಸ ನಮ್ಮ ಮನೆಯ ಕೈಯದು. ಅಡಿವೆಯ್ಯನಿಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದ ಗಂಡಸಿನ ಕೈ ಒಂದೇ. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಗಂಟೆ ಹಿಡಿದ ಕೈ. ಆರತಿಯ ತಟ್ಟೆ ಎತ್ತುವಾಗಲೇ ಈಚೆಗೆ ನಡುಗುತ್ತಿದ್ದವು.

ಬುರುಜಿಗೆ ಹೋಗಿ ಕೈಮುಗಿದು, ಸಣ್ಣಾಕಿಯನ್ನು ಗೂಡಿನಿಂದ ಎತ್ತಿ, ಮಡಿಯಲ್ಲಿ ಮುಚ್ಚಿಕೊಂಡು ತಂದೆ. ಅವಳ ಜೊತೆಗೆ ಗೂಡಿನಲ್ಲಿದ್ದ ಹಿತ್ತಾಳೆಯ ಬಟ್ಟಲನ್ನೂ ತಂದೆ. ಅದರಲ್ಲಿ ಉಳಿದ ಗುಂಡುಗಳು ಎಣ್ಣೆಯಲ್ಲಿ ಮುಳುಗಿ ಕುಳಿತಿದ್ದವು. ಪಡಸಾಲೆಯಲ್ಲಿ ಮಣೆಯ ಮೇಲೆ ಅವಳನ್ನಿಟ್ಟೆವು. ಬೆಳಕಿನಲ್ಲಿ ಅವಳನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಕಬ್ಬಿಣ ಎಲ್ಲಿಯೂ ಕಾಣುತ್ತಿರಲಿಲ್ಲ. ಅರಿಸಿನ ಕುಂಕುಮ ಎಣ್ಣೆಯಲ್ಲಿ ಕಲೆತು ಅರಗಿನ ಹಾಗೆ ಗಟ್ಟಿಯಾಗಿತ್ತು. ಗುಂಡುಗಳು ಕೂಡುವ ಗಾಲಿ ತಿರುಗಬೇಕಾದ ಜಾಗದಲ್ಲಿ ಸಂದೇ ಇರಲಿಲ್ಲ. ಬೆರಳಿಡುವ ಕುದುರೆಯನ್ನು ಅಲುಗಿಸಿ ನೋಡಿದೆ. ಕಲ್ಲಿನಲ್ಲಿ ಕೆತ್ತಿದ್ದಕ್ಕಾದರೂ ಅದಕ್ಕಿಂತ ಹೆಚ್ಚು ಜೀವ ಇದ್ದೀತು.

ಕಮ್ಮಾರ ಮೌನೇಶನಿಗೆ ಹೇಳಿಕಳಿಸಿದೆವು. ಅವನು ಬಂದು, ಕೈಮುಗಿದು, ಮೂಸಿ ನೋಡಿ, ಹಿಂದಕ್ಕೆ ಸರಿದು ಕುಳಿತ. ‘ನಾ ಕುಡಗೋಲು ತಟ್ಟಾಂವ್ರಿ. ಹಿಂತಾ ನಾಜೂಕಿನಾಕಿ ನನ್ನ ಕೈಗೆ ಸಿಕ್ಕಿಲ್ಲ. ಕಾಸಿದ್ರ ಬಿಚ್ಚತಾಳ. ಆದರ ಒಳಗ ಗುಂಡು ಅದಾವ. ಆಕಿ ಬಿಚ್ಚೂದರಾಗ ನಾನs ಬಿಚ್ಚಿ ಹೋಗತೀನಿ.’

‘ಚಾಷ್ಟಿ ಮಾಡೂ ಹೊತ್ತೇನೋ ಇದು?’ ಎಂದರು ಗೌಡರು.

‘ಅಂಜಿಕಿ ಬಂದಾಗ ನನ್ನ ಬಾಯಿ ಹಿಂಗs ಆಡತೈತ್ರಿ ಗೌಡ್ರ,’ ಎಂದ ಅವನು. ಅವನ ತುಟಿ ನಿಜವಾಗಿಯೂ ಒಣಗಿತ್ತು. ‘ತೊಳೀಬೇಕ್ರಿ. ಚಿಮಣಿ ಎಣ್ಣಿ ಹಾಕಿ ತಿಕ್ಕಿ ತೊಳದ್ರ ಬಿಟ್ಟೀತು. ಬ್ಯಾರೆ ದಾರಿ ನನಗ ಕಾಣೂದಿಲ್ಲ.’

ತೊಳೆಯುವ ಮಾತು ಬಾಗಿಲಾಚೆಯ ಹೆಂಗಸರಿಗೆ ಕೇಳಿಸಿತು. ಬಸಲಿಂಗವ್ವ ನಡುಮನೆಯಿಂದ ನೇರವಾಗಿ ಪಡಸಾಲೆಗೆ ಬಂದಳು. ‘ಏನಂದಿ? ತೊಳಿಯಾವನಾ? ಮುತ್ತೈದಿ ಹಣಿ ಒರಸತೀರಿ? ಮಾನವಮಿ ದಾಟಿ ಒಂದು ದಿನಾ ಆಗಿಲ್ಲ, ಆಕಿ ಉಡಿಯಾಗಿನ ಅಕ್ಕಿ ಇನ್ನೂ ಹಂಗs ಐತಿ. ಚಿಮಣಿ ಎಣ್ಣಿ ಹಾಕಿ ಆಕೀನ್ನ ರಂಡಿ ಮಾಡತೀರಿ? ಹಂಗ ಮಾಡಿದ ಮ್ಯಾಲ ಆಕಿ ನಮ್ಮ ಸಲುವಾಗಿ ಕೂಗತಾಳೇನು? ಶಾಪಾ ಹಾಕತಾಳ.’

ಮೌನೇಶ ನನ್ನ ಮುಖ ನೋಡಿದ. ಗೌಡರೂ ನನ್ನ ಮುಖ ನೋಡಿದರು. ಪೂಜೆ ಮಾಡಿದವನು ನಾನು. ನಾನು ‘ಆಗಲಿ’ ಎಂದರೆ ಆಗುತ್ತಿತ್ತು. ಆದರೆ ನನ್ನ ನಾಲಿಗೆ ಏಳಲಿಲ್ಲ. ಗುಡ್ಡದ ಭಯ ಸಂಜೆಯದು. ದೇವರ ಭಯ ಜನ್ಮದ್ದು. ಅವಳ ಮುಂದೆ ಎಷ್ಟು ಸೋಮವಾರ ಕಣ್ಣುಮುಚ್ಚಿ ಕುಳಿತಿದ್ದೇನೆ. ನನ್ನ ಹೆಂಡತಿ ಜ್ವರದಲ್ಲಿ ಮಲಗಿದಾಗ ಅವಳ ಮುಂದೆಯೇ ಅತ್ತಿದ್ದೇನೆ. ಆ ಹಣೆಗೆ ಚಿಮಣಿ ಎಣ್ಣೆಯ ಚಿಂದಿ ಹಾಕುವುದು ಹೇಗೆ? ಹೊರಗೆ ಬಿಸಿಲು ಅಂಗಳದ ನಡುವಿನಿಂದ ಮೂಡಣ ಗೋಡೆಯ ಕಡೆಗೆ ಸರಿಯುತ್ತಿತ್ತು. ಯಾರೋ ಮಗುವನ್ನು ಎತ್ತಿಕೊಂಡು ಓಣಿಯಲ್ಲಿ ಓಡಿದ ಸಪ್ಪಳ ಕೇಳಿಸಿತು. ಜನ ಆಗಲೇ ಮೂಡಣ ಬಾಗಿಲಿನ ಕಡೆ ಗಂಟುಮೂಟೆ ಸಾಗಿಸಲು ತೊಡಗಿದ್ದರು.

‘ನನ್ನ ಕೈಯಾಗ ಕೊಡ್ರಿ,’ ಎಂದು ಒಂದು ದನಿ ಬಂತು.

ಯಾರದೆಂದು ನನಗೆ ತಕ್ಷಣ ತಿಳಿಯಲಿಲ್ಲ. ಸಂಗಮ್ಮ ಬಾಗಿಲ ಈಚೆಗೆ ಬಂದು ನಿಂತಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ಹಣೆಯಲ್ಲಿ ಕುಂಕುಮ ಉಜ್ಜಿದ ಜಾಗ ಇನ್ನೂ ಕೆಂಪಗೆ ತರಚಿಕೊಂಡಿತ್ತು. ಮಣಿಕಟ್ಟಿನಲ್ಲಿ ಬಳೆಯ ಗಾಜು ಗೀರಿದ ಗಾಯ.

‘ಯವ್ವಾ, ನೀ ಒಳಗ ನಡಿ. ಬರೀ ಹಣಿಯಾಕಿ ಮುಟ್ಟಬಾರದು,’ ಎಂದಳು ಬಸಲಿಂಗವ್ವ.

‘ಬಸಲಿಂಗವ್ವಾರ, ನನ್ನ ಹಣಿ ಒರಸಾಕ ಒಂದು ಗಳಿಗಿ ತಡೀಲಿಲ್ಲ ನೀವು. ಅವರ ಮ್ಯಾಲಿನ ಮಣ್ಣು ಆರಿರಲಿಲ್ಲ. ಒಂದು ಕಬ್ಬಿಣದ ಹಣಿಗೆ ಇಷ್ಟೊತ್ತು ಯಾಕ ಕೂತೀರಿ?’ ಅವಳ ದನಿ ಏರಲಿಲ್ಲ. ‘ಒರಸಿಸಿಕೊಂಡಾಕಿ ನಾನು. ನನಗ ಇನ್ನ ಯಾರ ಶಾಪಾನೂ ಹತ್ತೂದಿಲ್ಲ. ಇಲ್ಲಿ ಕೊಡ್ರಿ, ಭಾವಾರ.’

ಅವಳು ನನ್ನನ್ನು ನೇರವಾಗಿ ಕರೆದದ್ದು ಅದೇ ಮೊದಲು. ನಾನು ಎರಡೂ ಕೈಯಲ್ಲಿ ಎತ್ತಿ ಕೊಟ್ಟೆ.

ಅಂಗಳದ ಒಗೆಯುವ ಕಲ್ಲಿನ ಮೇಲೆ ಕುಳಿತು ಅವಳು ತೊಳೆದಳು. ಕಂದೀಲಿಗೆಂದು ಇಟ್ಟಿದ್ದ ಚಿಮಣಿ ಎಣ್ಣೆ, ಗಂಡನ ಹಳೆಯ ಧೋತರದ ಚಿಂದಿ, ಕಸಬರಿಗೆಯಿಂದ ಕಿತ್ತ ಕಡ್ಡಿ. ಕಸಬರಿಗೆಯ ಕಡ್ಡಿ ತಾಗಿದಾಗ ಹೆಂಗಸರಲ್ಲಿ ಯಾರೋ ‘ಶಿವಶಿವಾ’ ಎಂದರು. ನನ್ನ ಎದೆಯೂ ಹಾಗೆಯೇ ಎಂದಿತು. ಮೊದಲು ಕೆಂಪು ನೀರು ಹರಿಯಿತು, ಆಮೇಲೆ ಹಳದಿ, ಆಮೇಲೆ ಮತ್ತೆ ಕೆಂಪು, ಒಂದರ ಕೆಳಗೆ ಒಂದು, ನಮ್ಮಪ್ಪನ ಕಾಲದ ಪೂಜೆ, ಅವರಪ್ಪನ ಕಾಲದ ಪೂಜೆ. ಕಲ್ಲಿನಿಂದ ಇಳಿದು ಬಚ್ಚಲ ಕಡೆಗೆ ಹೋಗುತ್ತಿದ್ದ ಆ ನೀರನ್ನು ನೋಡಲಾರದೆ ನಾನು ಕಣ್ಣು ಮುಚ್ಚಿದೆ. ತೆರೆದಾಗ ಕಬ್ಬಿಣ ಕಾಣುತ್ತಿತ್ತು. ನೀಲಿ ಛಾಯೆಯ ಕಪ್ಪು. ಇಷ್ಟು ಚಿಕ್ಕವಳೇ ಎನ್ನಿಸಿತು. ಮೌನೇಶ ಬೆರಳಿನಿಂದ ತೋರಿಸಿದ ಕೀಲನ್ನು ಅವಳು ಒತ್ತಿದಳು. ಗಾಲಿ ನರಳಿ ಪಕ್ಕಕ್ಕೆ ಹೊರಳಿತು. ಒಳಗಿನ ಗುಂಡುಗಳನ್ನು ಕಡ್ಡಿಯಿಂದ ದೂಡಿ ದೂಡಿ ಬೀಳಿಸಿದಳು. ಹಸಿರು ಕಟ್ಟಿದ್ದವು.

‘ಈಗ ಬೆಳಕಿಗೆ ಹಿಡಿದು ನಳಿಗಿಯಾಗ ನೋಡವ್ವಾ,’ ಎಂದ ಮೌನೇಶ. ಅವಳು ಕಣ್ಣಿಗೆ ಹಿಡಿದು ನೋಡಿದಳು. ‘ಏನೂ ಕಾಣವಲ್ತು. ಕತ್ತಲಿ,’ ಎಂದಳು.

ಕಡ್ಡಿ ಹಾಕಿದರೆ ಅರ್ಧಕ್ಕೆ ನಿಂತಿತು. ಒಳಗೆ ಚಿಮಣಿ ಎಣ್ಣೆ ಸುರಿದು ಕಾದು, ಮೌನೇಶ ಕೊಟ್ಟ ಕಬ್ಬಿಣದ ಸರಳಿನಿಂದ ಮೆಲ್ಲಗೆ ಬಡಿದಳು. ಸ್ವಲ್ಪ ಹೊತ್ತಿಗೆ ನಳಿಗೆಯ ತುದಿಯಿಂದ ಕಪ್ಪನೆಯ ಬಿರಡೆಯೊಂದು ಹೊರಬಂದು ಕಲ್ಲಿನ ಮೇಲೆ ಬಿತ್ತು. ನನ್ನ ಕಿರುಬೆರಳಿನಷ್ಟು ಉದ್ದ. ಬೆಲ್ಲ ಕಲ್ಲಾಗಿತ್ತು, ಅದರೊಳಗೆ ಅಕ್ಕಿಯ ಕಾಳು, ಹೋಳಿಗೆಯ ಹೂರಣ, ಒಂದು ಒಣಗಿದ ಮಲ್ಲಿಗೆಯ ಮೊಗ್ಗು. ಊರಿನ ಹರಕೆಗಳೆಲ್ಲ ಅಲ್ಲಿದ್ದವು.

ಮೌನೇಶ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ. ಈ ಸಲ ಚಾಷ್ಟಿ ಮಾಡಲಿಲ್ಲ. ‘ಅಯ್ಯಾರ, ಇದನ್ನ ತಗೀದs ಹೊಡದಿದ್ರ ಗುಂಡಿಗೆ ಮುಂದ ಹಾದಿ ಇದ್ದಿದ್ದಿಲ್ಲ. ನಳಿಗಿ ಒಡದು ಹಿಂದ ನಿಮ್ಮ ಮಾರಿಗೆ ಬರತಿತ್ತು. ದೊಡ್ಡಾಕಿ ಹೆಂಗ...’ ಎಂದವನು ನಿಲ್ಲಿಸಿದ.

ದೊಡ್ಡಾಕಿಯ ಬಾಯಿಗೆ ಯಾರೂ ಏನೂ ಇಡುತ್ತಿರಲಿಲ್ಲ. ಅಡಿವೆಯ್ಯ ಇಡಗೊಡುತ್ತಿರಲಿಲ್ಲ. ಹಳೆಯ ನಳಿಗೆ, ಸವೆದಿತ್ತು, ಒಡೆಯಿತು ಎಂದೇ ನಾವೆಲ್ಲ ತಿಳಿದಿದ್ದೆವು. ಆಗ ಬಸಲಿಂಗವ್ವ ಇದ್ದಲ್ಲೇ ಕುಸಿದು ಕುಳಿತಳು.

‘ನಿನ್ನೆ ನಾ ಇಟ್ಟಿದ್ದೆ,’ ಎಂದಳು. ‘ಮಮ್ಮಗಳು ಸುಸೂತ್ರ ಹಡದ್ಲು. ಸಣ್ಣಾಕಿಗೆ ಎಡಿ ಕೊಟ್ಟೆ. ಹೊಳ್ಳಿ ನೋಡಿದ್ರ ದೊಡ್ಡಾಕಿ ಗ್ವಾಡಿಗೆ ಆನಿಕಿ ನಿಂತಿದ್ಲು. ದಿನಾ ದುಡಿಯಾಕಿ ಆಕಿ, ಹಬ್ಬದ ದಿನಾನೂ ಆಕಿಗೆ ಒಂದು ತುತ್ತಿಲ್ಲಲ್ಲಾ ಅಂತ ಮನಸ್ಸಿಗೆ ಕೆಟ್ಟನಿಸ್ತು. ಅಡಿವೆಯ್ಯ ಗುಂಡು ತುಂಬಿಟ್ಟು ನೀರು ಕುಡಿಯಾಕ ಇಳದು ಹೋಗಿದ್ದ. ಒಂದು ಉಂಡಿ ಕಟ್ಟಿ ಆಕಿ ಬಾಯಾಗ ಇಟ್ಟೆ. ಬಿದ್ದೀತಂತ ಬಟ್ಟಿಲೆ ಒಳಗ ಒತ್ತಿದೆ.’ ಅವಳು ತನ್ನ ಬೆರಳನ್ನು ನೋಡಿಕೊಂಡಳು. ‘ಈ ಬಟ್ಟಿಲೆ.’

ಸಂಗಮ್ಮನ ಕೈ ನಿಂತಿತು. ಅವಳು ಏನು ಮಾಡಿಯಾಳು ಎಂದು ನಾನು ಅಂಜಿದೆ. ಕೂಗಿ ಎದೆ ಬಡಿದುಕೊಂಡಿದ್ದರೆ, ಆ ಸರಳನ್ನು ಎತ್ತಿ ಬೀಸಿದ್ದರೆ, ತಪ್ಪೆನ್ನುವ ಬಾಯಿ ನನಗಿರಲಿಲ್ಲ. ಬಸಲಿಂಗವ್ವನೂ ಅದನ್ನೇ ಕಾಯುತ್ತಿದ್ದ ಹಾಗೆ ತಲೆ ಬಗ್ಗಿಸಿಕೊಂಡು ಕುಳಿತಿದ್ದಳು. ಅಂಗಳದ ಬಿಸಿಲು ಮೂಡಣ ಗೋಡೆಯ ಬುಡಕ್ಕೆ ಬಂದಿತ್ತು.

ಸಂಗಮ್ಮ ಅವಳತ್ತ ನೋಡಲಿಲ್ಲ. ಕೈಯಲ್ಲಿದ್ದ ಚಿಂದಿಯನ್ನು ತಿರುಗಿಸಿದಳು. ಅದು ಪೂರಾ ಹೊಲಸಾಗಿತ್ತು. ‘ಅರಿವಿ ಮುಗದಾವು. ಒಣಾದು ಬೇಕು,’ ಎಂದಳು.

ಬಸಲಿಂಗವ್ವ ತನ್ನ ಹಬ್ಬದ ಇಳಕಲ್ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಪರ್ ಎಂದು ಹರಿದಳು. ಸಾವಿನ ಮನೆಯಲ್ಲಿ, ಮುತ್ತೈದೆ, ತನ್ನ ಸೆರಗನ್ನು ತಾನೇ ಹರಿದುಕೊಂಡದ್ದನ್ನು ಕಂಡು ಹೆಂಗಸರು ಮುಖ ತಿರುಗಿಸಿದರು. ಸಂಗಮ್ಮ ಕೈಚಾಚಿ ತೆಗೆದುಕೊಂಡಳು. ಅದರಿಂದ ನಳಿಗೆಯ ಒಳಗನ್ನು ಉಜ್ಜಿದಳು. ಬೆಳಕಿಗೆ ಹಿಡಿದಾಗ ಆಚೆಯ ತುದಿಯಲ್ಲಿ ದುಂಡಗೆ ಆಕಾಶ ಕಂಡಿತು.

ಉಳಿದದ್ದು ಗುಂಡಿನ ಮಾತು. ಒಳಗಿದ್ದವು ಸತ್ತವೆಂದು ಮೌನೇಶ ಹೇಳಿದ. ಬಟ್ಟಲಿನಲ್ಲಿ ಇದ್ದವನ್ನು ಒಂದೊಂದಾಗಿ ಒರೆಸಿ ಬಿಸಿಲಿನ ಕೊನೆಯ ಪಟ್ಟಿಯಲ್ಲಿ ಸಾಲಾಗಿ ಇಟ್ಟೆವು. ‘ಎಣ್ಣಿ ಕುಡದ್ರ ಇವುಕ್ಕ ಕಿಡಿ ಹತ್ತೂದಿಲ್ಲ. ಕೆಲವು ಕುಡದಿರತಾವ, ಕೆಲವು ಕುಡದಿರೂದಿಲ್ಲ. ಯಾವ್ದು ಕುಡದೈತಿ ಅಂತ ಮ್ಯಾಲೆ ಗೊತ್ತಾಗೂದಿಲ್ಲ, ಮನುಷ್ಯಾರ ಹಂಗ ಅಲ್ಲ,’ ಎಂದ. ಹೊಡೆದು ನೋಡಿಯೇ ತಿಳಿಯಬೇಕು. ಹೊಡೆದು ನೋಡಿದರೆ ಇರುವುದೂ ಮುಗಿದೀತು. ಬಟ್ಟಲಿನಲ್ಲಿ ಎಲ್ಲಕ್ಕಿಂತ ಮೇಲೆ ಇದ್ದ ಕೆಲವನ್ನು ಆರಿಸಿ, ಈರಣ್ಣನ ಹೆಸರು ಹೇಳುತ್ತ ಗಾಲಿಗೆ ತುಂಬಿದೆ. ಅಡಿವೆಯ್ಯ ಒಮ್ಮೆ ಹೇಳಿದ್ದು ನೆನಪಿಗೆ ಬಂತು: ‘ದೊಡ್ಡಾಕಿ ಒಮ್ಮೆ ಮುನಿಸಿಕೊಂಡ್ರ ಬಿಚ್ಚಿ ಸಮಾಧಾನ ಮಾಡಬೇಕು. ಸಣ್ಣಾಕಿ ಹಂಗಲ್ಲ ಅಣ್ಣಾ. ಒಂದು ಆಗಲಿಲ್ಲಂದ್ರ ಮತ್ತೊಮ್ಮೆ ಒತ್ತು. ಗಾಲಿ ತಾನs ತಿರಗಿ ಇನ್ನೊಂದು ತಂದು ಕೊಡತೈತಿ.’

ಬುರುಜನ್ನು ಹತ್ತಿದಾಗ ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಿದ್ದ. ದಿನಾ ಆ ಹೊತ್ತಿಗೆ ಊರಿನ ಮನೆಗಳಲ್ಲಿ ಬತ್ತಿ ಹೊಸೆದು ಕಾಯುತ್ತಾರೆ. ಗುಂಡಿನ ಸದ್ದು ಕೇಳಿದ ಮೇಲೆಯೇ ದೀಪ. ಆ ದಿನ ಜನ ಮನೆಗಳಲ್ಲಿರಲಿಲ್ಲ. ಓಣಿಗಳಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಮೂಡಣಕ್ಕೆ ಮುಖಮಾಡಿ, ತಲೆಯನ್ನು ಮಾತ್ರ ಹಿಂದಕ್ಕೆ ತಿರುಗಿಸಿ ನಿಂತಿದ್ದರು. ಮೌನೇಶ ನನ್ನ ಪಕ್ಕದಲ್ಲಿದ್ದ. ‘ಗುಡ್ಡದಂಥಾ ಗುರಿ ಐತ್ರಿ, ತಪ್ಪಸಬೇಕಂದ್ರೂ ತಪ್ಪೂದಿಲ್ಲ,’ ಎಂದು ಧೈರ್ಯ ಹೇಳಿ, ತಾನು ನಾಲ್ಕು ಮೆಟ್ಟಿಲು ಕೆಳಗೆ ಹೋಗಿ ನಿಂತ. ಅದಕ್ಕೂ ಕೆಳಗೆ ಸಂಗಮ್ಮ ಇದ್ದಳು.

ಕೈ ಚಾಚಿದೆ. ಕಣ್ಣಿಗೆ ತಮ್ಮನ ಮುಖ ಬಂತು. ನಿನ್ನೆ ಇದೇ ಕಲ್ಲಿನ ಮೇಲೆ ಅವನು ಹೀಗೆಯೇ ಕೈ ಚಾಚಿದ್ದ. ಬಿಸಾಡಿ ಓಡಿಬಿಡು ಎಂದು ಮೈಯೆಲ್ಲ ಹೇಳಿತು. ಶಿವನೇ, ಎಂದು ಒತ್ತಿದೆ.

ಟಕ್ ಎಂದಿತು, ಅಷ್ಟೇ.

ಗುಡ್ಡ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಮೊದಲು ಹಕ್ಕಿಗಳು ಎದ್ದವು, ಇಡೀ ಗುಡ್ಡದ ಹಕ್ಕಿಗಳು ಒಮ್ಮೆಲೇ, ಕೂಗದೆ. ಗಾಳಿಯಿಲ್ಲದೆ ಸೀತಾಫಲದ ಗಿಡಗಳೆಲ್ಲ ನಮ್ಮ ಕಡೆಗೆ ಬಾಗಿದವು. ಬಾವಿ ತೋಡುವಾಗ ಬರುವಂಥ ಹಸಿಮಣ್ಣಿನ ವಾಸನೆ ಬಂತು. ಮತ್ತೆ ಒತ್ತಿದೆ. ಟಕ್. ಕಾಲಕೆಳಗಿನ ಕಲ್ಲು ಅದುರಿತು. ಬುರುಜಿನ ಸಂದಿನಿಂದ ಸುಣ್ಣ ಉದುರಿತು. ಹಿಂದೆ ಊರಿನಲ್ಲಿ ಒಂದು ಮಗು ಅಳಲು ತೊಡಗಿತು. ಯಾರೋ ಅದರ ಬಾಯಿ ಮುಚ್ಚಿದರು. ಮೂರನೆಯದಕ್ಕೂ ಟಕ್. ಕಲ್ಲಿನ ಮೇಲೆ ಕುಳಿತೇಬಿಟ್ಟೆ. ಕತ್ತೆತ್ತಿದರೆ ಆಕಾಶ ಅರ್ಧದಷ್ಟೇ ಇತ್ತು.

‘ಭಾವಾರ, ಮತ್ತೊಮ್ಮೆ ಒತ್ತರಿ,’ ಎಂದಿತು ಮೆಟ್ಟಿಲ ಕೆಳಗಿನ ದನಿ.

ಎರಡೂ ಕೈಯಿಂದ ಹಿಡಿದು ಒತ್ತಿದೆ. ಸಣ್ಣಾಕಿ ಕೂಗಿದಳು. ದೊಡ್ಡಾಕಿಯ ಗುಡುಗಲ್ಲ, ಮರಿನಾಯಿ ಬೊಗಳಿದ ಹಾಗೆ ಸಣ್ಣ ಸದ್ದು. ಕೈ ಕೈಯಾಗಿಯೇ ಇತ್ತು. ಮುಖ ಮುಖವಾಗಿಯೇ ಇತ್ತು. ಗಿಡಗಳು ಬಾಗಿದ್ದಲ್ಲೇ ನಿಂತವು. ಕಲ್ಲಿನ ಅದುರು ನಿಂತಿತು. ಆಮೇಲೆ ಬಹಳ ಹೊತ್ತಿನವರೆಗೆ ಏನೂ ಆಗಲಿಲ್ಲ. ಆ ಬಳಿಕ ಊರಿನಲ್ಲಿ ಒಂದು ದೀಪ ಹತ್ತಿತು, ಇನ್ನೊಂದು ಹತ್ತಿತು, ಓಣಿ ಓಣಿಯೇ ಬೆಳಗಿತು. ಮೌನೇಶ ಮೆಟ್ಟಿಲ ಮೇಲೆ ಕುಳಿತು ಚಿಕ್ಕ ಹುಡುಗನಂತೆ ಬಿಕ್ಕುತ್ತಿದ್ದ. ನಾನು ಈರಣ್ಣನಿಗೆ ಅಡ್ಡಬಿದ್ದೆ.

ಎದ್ದಾಗ ಧೂಳು ಇಳಿದಿತ್ತು. ಗುಡ್ಡದ ಪಾದ ಗೋಡೆಯ ಕೆಳಗಿನ ಕಂದಕಕ್ಕೆ ಬಂದು ಮುಟ್ಟಿತ್ತು. ಬಯಲು ಇದ್ದ ಜಾಗದಲ್ಲಿ ಬಯಲಿರಲಿಲ್ಲ. ಬೆಳಿಗ್ಗೆ ನಾವು ಮಣ್ಣು ಹಾಕಿದ ಜಾಗ, ಬಿಲ್ವಪತ್ರೆ, ಚೆಂಡುಹೂವಿನ ಮಾಲೆ, ನಮ್ಮಪ್ಪನ ಕಲ್ಲು, ನನ್ನ ಹೆಂಡತಿಯ ಕಲ್ಲು, ಎಲ್ಲವೂ ಅದರ ಕೆಳಗಿದ್ದವು. ಮೂರು ಸಲ ಟಕ್ ಎಂದದ್ದಕ್ಕೆ ಅದು ಅಷ್ಟನ್ನು ತೆಗೆದುಕೊಂಡಿತ್ತು.

ಸಂಗಮ್ಮನಿಗೆ ಹೇಳುವುದು ಹೇಗೆಂದು ತಿಳಿಯದೆ ತಿರುಗಿದೆ. ಅವಳು ಆಗಲೇ ನೋಡಿದ್ದಳು. ನನ್ನ ಕೈಯಿಂದ ಸಣ್ಣಾಕಿಯನ್ನು ತೆಗೆದುಕೊಂಡು, ಇನ್ನೂ ಬಿಸಿಯಿದ್ದ ನಳಿಗೆಯೊಳಗೆ ಇಳಕಲ್ ಸೀರೆಯ ಚಿಂದಿ ಹಾಕಿ ಉಜ್ಜುತ್ತ ಮೆಟ್ಟಿಲಿಳಿದಳು.

ಮರುದಿನ ಬೆಳಿಗ್ಗೆ ಹೆಂಗಸರು ತಟ್ಟೆಗಳಲ್ಲಿ ಅರಿಸಿನ ಕುಂಕುಮ ತಂದರು. ಊರು ಉಳಿಸಿದವಳಿಗೆ ಒಂದು ಬೊಟ್ಟನ್ನಾದರೂ ಇಡಬೇಡವೇ ಎಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನ ಜನ್ಮದಲ್ಲಿ ಪೂಜೆಯ ತಟ್ಟೆಯನ್ನು ಹಿಂದಕ್ಕೆ ಕಳಿಸಿದ್ದು ಅದೊಂದೇ ಸಲ. ಆ ಪಾಪ ನನ್ನ ತಲೆಯ ಮೇಲಿರಲಿ. ಬಸಲಿಂಗವ್ವ ತಟ್ಟೆ ತಂದಿರಲಿಲ್ಲ. ಒಗೆದು ಒಣಗಿಸಿದ ಅರಿವೆಗಳ ಒಂದು ಗಂಟನ್ನು ತಂದು, ಹೊಸ್ತಿಲ ಹೊರಗೆ ನಿಂತಿದ್ದಳು. ಸಂಗಮ್ಮ ಅಂಗಳದಲ್ಲಿ ಗುಂಡುಗಳನ್ನು ಒರೆಸುತ್ತಿದ್ದಳು. ಬಹಳ ಹೊತ್ತಾದ ಮೇಲೆ, ಕುಳಿತ ಕಲ್ಲಿನ ಮೇಲೆ ಸ್ವಲ್ಪ ಅತ್ತ ಸರಿದಳು. ಬಸಲಿಂಗವ್ವ ಒಳಗೆ ಬಂದು ಆ ಜಾಗದಲ್ಲಿ ಕುಳಿತು, ಒಂದು ಗುಂಡನ್ನು ಕೈಗೆ ತೆಗೆದುಕೊಂಡಳು. ಅವರು ಆ ದಿನವೂ ಮಾತಾಡಲಿಲ್ಲ, ಆಮೇಲೆ ಎಷ್ಟೋ ದಿನ ಮಾತಾಡಲಿಲ್ಲ. ಒರೆಸುವುದು ಮಾತ್ರ ನಡೆಯಿತು.

ಸಂಜೆಗೆ ನಾನು ಮತ್ತೆ ಬುರುಜು ಹತ್ತಿದೆ. ಒರೆಸಿದ ಗುಂಡುಗಳಲ್ಲಿ ಯಾವುದಕ್ಕೆ ಜೀವವಿದೆ, ಯಾವುದಕ್ಕಿಲ್ಲ ಎಂದು ತಿಳಿಯದೆಯೇ ತುಂಬಿಕೊಂಡು ಬಂದಿದ್ದೆ. ಇನ್ನು ಸರಿಯಲು ಗುಡ್ಡಕ್ಕೂ ನಮಗೂ ನಡುವೆ ಬಯಲಿಲ್ಲ. ಈ ಸಲ ಟಕ್ ಎಂದರೆ ಗೋಡೆಯೇ. ಗುಡ್ಡದ ಈಚಿನ ಕಲ್ಲುಗಳು ಕೈಗೆ ಎಟುಕುವಷ್ಟು ಹತ್ತಿರ ಕಾಣುತ್ತಿದ್ದವು. ಕೈಯನ್ನು ನೇರಕ್ಕೆ ಚಾಚಿದೆ. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಸಂಗಮ್ಮ ಮೆಟ್ಟಿಲು ಹತ್ತಿ ಮೇಲೆ ಬಂದಿದ್ದಳು. ಗುಡ್ಡದ ಬುಡವನ್ನು, ಎಡದಿಂದ ಬಲಕ್ಕೆ, ಮನೆಯೊಳಗೆ ಏನನ್ನೋ ಎಲ್ಲಿಟ್ಟೆನೆಂದು ಹುಡುಕುವವಳಂತೆ ನೋಡಿದಳು. ಒಂದು ಕಡೆ ಅವಳ ಕಣ್ಣು ನಿಂತಿತು. ಅದು ನನ್ನ ಕೈಗೆ ನೇರವಾಗಿತ್ತು.

‘ಒಂದೀಟು ಬಲಕ್ಕ ಹೊಡೀರಿ, ಭಾವಾರ,’ ಎಂದಳು. ‘ಅಲ್ಲಿ ಅವರು ಅದಾರ.’

ನಾನು ಕೈಯನ್ನು ಬಲಕ್ಕೆ ಸರಿಸಿ, ಈರಣ್ಣನನ್ನು ನೆನೆದು, ಒತ್ತಿದೆ.